ತಣ್ಣಗಾಗಲು ಬೇಕಾದ ಕನಿಷ್ಠ ಕಾಲ

ಗಂಧಕದ ಹೊಗೆ ಮೂಗಿಗಿಂತ ಮೊದಲು ಗಂಟಲಿಗೆ ತಿಳಿಯುತ್ತದೆ. ಈ ಮಾರ್ಚಿನಲ್ಲಿ ತಿಕೋಟಾಕ್ಕೆ ಹೊರಟಿದ್ದ ಬಸ್ಸು ಒಂದು ಒಣದ್ರಾಕ್ಷಿ ಶೆಡ್ಡಿನ ಮಗ್ಗುಲಲ್ಲಿ ಪಂಕ್ಚರಾಗಿ ನಿಂತಿತು. ಕಿಟಕಿಯ ಪಕ್ಕ ಕುಳಿತಿದ್ದ ಮುದುಕಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಹೊಗಿ ಹಾಕ್ಯಾರ ನೋಡ್ರಿ, ಕಿಡಕಿ ಹಾಕ್ರಿ" ಎಂದಳು. ನಾನು ಹಾಕಲಿಲ್ಲ. ಗಂಟಲು ಕೆರೆಯಿತು, ಕಣ್ಣುರಿ ಬಂತು. ನೋಡುತ್ತೇನೆ, ನನ್ನ ಬಲಗೈ ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದಿದೆ. ಬೆರಳು ಬಿಡಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಆ ಒಂದು ಬೇಸಿಗೆಯನ್ನು ನಾನು ಈವರೆಗೆ ಮೂರು ರೀತಿ ಹೇಳಿದ್ದೇನೆ. ಕಾಲೇಜಿನ ಸಹೋದ್ಯೋಗಿಗಳಿಗೆ ಒಂದು, ಅವ್ವನಿಗೆ ಒಂದು, ನನಗೇ ಒಂದು. ಮೂರರಲ್ಲೂ ನಾನು ಒಳ್ಳೆಯವನು. ಹಾಗಾಗಿ ಮೂರೂ ಸುಳ್ಳಿರಬೇಕು. ಇದು ನಾಲ್ಕನೆಯದು. ನನ್ನ ನೆನಪು ಎಲ್ಲಿ ಗಿಲಾವು ಮಾಡಿ ನುಣುಪಾಗಿಸಿದೆ ಎಂದು ಅನುಮಾನ ಬರುತ್ತದೋ ಅಲ್ಲಿ ಹೇಳುತ್ತೇನೆ.

ನಾನಾಗ ಬಬಲೇಶ್ವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮಹಡಿಯ ಮೇಲೊಂದು ಕೋಣೆ. ತಿಕೋಟಾದ ನಮ್ಮ ಮನೆಯಲ್ಲಿ ಅವ್ವ ಮತ್ತು ಅಕ್ಕ ಸುಜಾತಾ. ನಮ್ಮದು ಬೌದ್ಧರ ಓಣಿ. ಓಣಿಯ ಅರ್ಧ ಜನ ನೌಕರಿಯಲ್ಲಿದ್ದರು, ಅರ್ಧ ಜನ ದ್ರಾಕ್ಷಿಯಲ್ಲಿದ್ದರು. ಅಕ್ಕ ದ್ರಾಕ್ಷಿಯಲ್ಲಿದ್ದಳು. ಘೋಣಸಗಿಯ ಒಬ್ಬ ಸಾಹುಕಾರರ ಶೆಡ್ಡಿನಲ್ಲಿ ಹನ್ನೆರಡು ಹೆಂಗಸರ ಗುಂಪಿಗೆ ಅವಳೇ ಮುಂದಾಳು.

ನಾನು ಪಿಎಚ್.ಡಿ.ಗೆ ಹಿಡಿದಿದ್ದ ಪ್ರಶ್ನೆ ಕೇಳಲು ಸರಳವಾಗಿತ್ತು. ಪರಮಾಣುಗಳ ಒಂದು ಗುಂಪನ್ನು ಕಲಕಿ ಬಿಟ್ಟರೆ ಅದು ಮತ್ತೆ ಶಾಂತವಾಗಲು, ಎಲ್ಲ ಕಡೆ ಒಂದೇ ಬಿಸಿಗೆ ಬಂದು ನಿಲ್ಲಲು, ಕಡಿಮೆಯೆಂದರೆ ಎಷ್ಟು ಹೊತ್ತು ಬೇಕು? ಎಷ್ಟೇ ಅವಸರ ಮಾಡಿದರೂ ಪ್ರಕೃತಿ ದಾಟಗೊಡದ ಒಂದು ಗೆರೆ ಇದೆ ಎಂದು ಬಹಳ ಜನ ನಂಬುತ್ತಾರೆ. ಗೆರೆ ಎಲ್ಲಿ ಎಂಬುದನ್ನು ಕ್ವಾಂಟಂ ಲೋಕದ ಮೂಲ ಸ್ಥಿರಾಂಕ ಮತ್ತು ಆ ಗುಂಪಿನ ಉಷ್ಣತೆ, ಇವೆರಡೇ ತೀರ್ಮಾನಿಸುತ್ತವೆ. ನಮ್ಮ ಬಿಸಿಲಿನ ಬಿಸಿಗೆ ಆ ಕಾಲ ಎಷ್ಟು ಚಿಕ್ಕದೆಂದರೆ, ಒಂದು ಸೆಕೆಂಡನ್ನು ಕೋಟಿ ತುಂಡು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ತುಂಡು ಮಾಡಿದರೆ ಅಂಥ ಎರಡು-ಮೂರು ತುಂಡು. ಆದರೆ ಸೊನ್ನೆಯಲ್ಲ. ಸೊನ್ನೆಯಲ್ಲ ಎಂಬುದನ್ನು ನಾನು ಪರಮಾಣುಗಳ ಒಂದು ಬಗೆಯ ಸರಪಳಿಗೆ ಗಣಿತದಲ್ಲಿ ಸಾಧಿಸಬೇಕಿತ್ತು.

ಇನ್ನೊಂದು ಸಂಗತಿಯೂ ಇದರಲ್ಲಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಶಾಂತವಾಗುವುದೆಂದರೆ ಆ ಗುಂಪು ತಾನು ಹೇಗೆ ಶುರುವಾದೆ ಎಂಬುದನ್ನು ಮರೆತಂತೆ ಕಾಣುವುದು. ಕಾಣುವುದಷ್ಟೇ. ಪೂರ್ತಿ ಮುಚ್ಚಿದ ಕ್ವಾಂಟಂ ವ್ಯವಸ್ಥೆಯಲ್ಲಿ ಏನೂ ಅಳಿಯುವುದಿಲ್ಲ. ಶುರುವಿನ ಸುದ್ದಿ ಕಣಕಣಗಳ ನಡುವಿನ ನಂಟಿನಲ್ಲಿ ಹರಡಿ ಅವಿತುಕೊಳ್ಳುತ್ತದೆ. ಒಂದು ಮೂಲೆಯನ್ನು ಮಾತ್ರ ನೋಡುವವನಿಗೆ ಎಲ್ಲ ತಣ್ಣಗೆ ಕಾಣುತ್ತದೆ.

ಭಾನುವಾರಗಳಂದು ನಾನು ನೋಟುಬುಕ್ಕು ಹಿಡಿದು ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ನೆರಳಿತ್ತು, ಗಾಳಿಯಿತ್ತು, ಅಕ್ಕನ ಬುತ್ತಿಯಿತ್ತು. ಹೆಂಗಸರು ಹಸಿ ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಕಬ್ಬಿಣದ ಪೈಪುಗಳ ಮೇಲೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಿದ್ದರು. ಸುತ್ತಲೂ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಇಳಿಬಿಟ್ಟು ಒಳಗೆ ಬಾಣಲೆಯಲ್ಲಿ ಗಂಧಕ ಸುಡುತ್ತಿದ್ದರು. ಹೊಗೆ ಕುಡಿದ ದ್ರಾಕ್ಷಿ ಕಪ್ಪಾಗದೆ ಹೊನ್ನಿನ ಬಣ್ಣಕ್ಕೆ ಒಣಗುತ್ತದೆ. ಆಮೇಲೆ ತಾಡಪತ್ರಿ ಎತ್ತಿ ಹೊಗೆ ಬಿಡಬೇಕು.

ಒಳಗೆ ಯಾವಾಗ ಹೋಗಬಹುದು ಎಂಬುದಕ್ಕೆ ಸಾಹುಕಾರರ ಬಳಿ ಗಡಿಯಾರವಿತ್ತು. ಹೆಂಗಸರ ಬಳಿ ನೊಣವಿತ್ತು. ಒಡೆದ ದ್ರಾಕ್ಷಿಯ ಒಂದು ಗೊಂಚಲನ್ನು ಶೆಡ್ಡಿನ ಬಾಗಿಲಲ್ಲಿ ಇಡುತ್ತಿದ್ದರು. ಹೊಗೆ ಇರುವವರೆಗೆ ನೊಣ ಹತ್ತಿರ ಸುಳಿಯುವುದಿಲ್ಲ. ನೊಣ ಬಂದು ಗೊಂಚಲಿನ ಮೇಲೆ ಕೂತರೆ ಮೊದಲು ಅಕ್ಕ ಒಳಗೆ ಹೋಗುತ್ತಿದ್ದಳು, ಅವಳ ಹಿಂದೆ ಉಳಿದವರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಒಬ್ಬಿಬ್ಬರು ಕೆಮ್ಮಿ ರಕ್ತ ಕಾರಿದ ಮೇಲೆ ತಾವೇ ಮಾಡಿಕೊಂಡದ್ದು.

ಗುಂಪಿನಲ್ಲಿ ಬಾಯಿ ಇದ್ದವಳು ಕಸ್ತೂರಿ. ನಮ್ಮ ಓಣಿಯವಳೇ, ಅಕ್ಕನ ಗೆಳತಿ.

"ಏನ್ರಿ ಆನಂದ ಸರ್, ಇವತ್ತೂ ನೊಣಾ ಎಣಸಾಕ ಬಂದೀರೇನು?"

"ನೊಣ ಅಲ್ಲಬೇ," ಎಂದಳು ಅಕ್ಕ, "ಅಂವ ಕಣಾ ಎಣಸ್ತಾನ."

"ಅವೆಲ್ಲಿರ್ತಾವ್ರಿ?"

"ನಿನ್ನ ತೆಲಿಯೊಳಗೂ ಅದಾವ," ಎಂದೆ.

"ನನ್ನ ತೆಲಿಯಾಗ ಹೇನ ಅದಾವ್ರಿ. ಅವನ್ನ ಎಣಿಸಿ ಕೊಡ್ರಿ, ಜಲ್ದಿ ಡಾಕ್ಟರ್ ಆಗ್ತೀರಿ."

ನಾನು ಚಹಾದ ಲೋಟ ತೋರಿಸಿ ವಿವರಿಸಲು ಹೋದೆ. ಇದು ಆರುತ್ತದೆ, ಆರಿದ ಮೇಲೆ ಮುಟ್ಟಿದವರಿಗೆ ಇದು ಮೊದಲು ಎಷ್ಟು ಬಿಸಿಯಿತ್ತೆಂದು ಗೊತ್ತಾಗುವುದಿಲ್ಲ, ಹಾಗೆ ಮರೆಯಲು ಎಲ್ಲಕ್ಕಿಂತ ಕಡಿಮೆಯೆಂದರೆ ಎಷ್ಟು ಹೊತ್ತು ಬೇಕು ಎಂದು ಹುಡುಕುತ್ತಿದ್ದೇನೆ ಎಂದೆ.

ಅಕ್ಕ ಲೋಟವನ್ನು ಮುಟ್ಟಿ ನೋಡಿ, "ಜಲ್ದಿ ಆಗೂದಕ್ಕ ಗೆರಿ ಐತಿ. ತಡಾ ಆಗೂದಕ್ಕ?" ಎಂದಳು.

"ಇಲ್ಲ. ಎಷ್ಟ ಬೇಕಾದ್ರೂ ತಡಾ ಆಗಬಹುದು."

"ಅಯ್ಯ, ನಮ್ಮ ಘೋಣಸಗಿ ಬಸ್ಸಿನಂಗ," ಎಂದಳು ಕಸ್ತೂರಿ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಅದನ್ನು ನಂಬಲಾರೆ. ಮುಂದೆ ಆದದ್ದು ಗೊತ್ತಿರುವುದರಿಂದ ನೆನಪು ಅವಳ ಮುಖವನ್ನು ಮೊದಲೇ ಗಂಭೀರ ಮಾಡಿಟ್ಟಿರಬಹುದು.

ಮಾರ್ಚ್ ಕೊನೆಯ ಭಾನುವಾರ. ಮಧ್ಯಾಹ್ನ ಪಡುವಣದಲ್ಲಿ ಮೋಡ ಏರಿತು. ಅಕಾಲದ ಮಳೆಗೆ ಹಸಿ ದ್ರಾಕ್ಷಿ ಸಿಕ್ಕರೆ ಎರಡೇ ದಿನದಲ್ಲಿ ಬೂಸು ಹಿಡಿಯುತ್ತದೆ. ಅದ್ದಿದ ದ್ರಾಕ್ಷಿ ತುಂಬಿದ ಕ್ರೇಟುಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಅವನ್ನು ಒಳಗಿನ ಮೇಲಂತಸ್ತಿಗೆ ಏರಿಸಬೇಕು. ಆದರೆ ಒಳಗೆ ಗಂಧಕ ಸುಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಒಂದು ಬದಿಯ ತಾಡಪತ್ರಿಯನ್ನು ಆಗಷ್ಟೇ ಅರ್ಧ ಎತ್ತಿದ್ದರು.

ಸಾಹುಕಾರರ ಮಗ ಮುತ್ತು ಬೈಕಿನಲ್ಲಿ ಬಂದ. ಇಪ್ಪತ್ತಾರು-ಇಪ್ಪತ್ತೇಳರ ಹುಡುಗ. "ಏಳ್ರಿ, ಏಳ್ರಿ, ಒಳಗ ನಡೀರಿ. ಮಳಿ ತೆಲಿ ಮ್ಯಾಲ ಬಂದೈತಿ."

"ನೊಣ ಕೂತಿಲ್ಲಪಾ ಮುತ್ತು," ಎಂದಳು ಅಕ್ಕ. "ಇನ್ನೊಂದ ತಾಸ ತಡಿ."

"ನೊಣದ ಪರವಾನಗಿ ತಗೊಂಡ ಶೆಡ್ಡ ನಡಸಬೇಕೇನ ನಾನು?"

ಕಸ್ತೂರಿ ಕ್ರೇಟಿನ ಮೇಲೆ ಕೂತಲ್ಲಿಂದಲೇ ಹೇಳಿದಳು: "ನೊಣದ ಮಾತರ ಕೇಳ್ರಿ ಸಣ್ಣ ಸಾವ್ಕಾರ್ರ. ನಮ್ಮ ಮಾತ ಹೆಂಗೂ ಕೇಳೂದಿಲ್ಲ."

ಹನ್ನೊಂದು ಹೆಂಗಸರು ನಕ್ಕರು. ಅಷ್ಟೇ ಆದದ್ದು. ಮಳೆಯ ಭಯ, ಬಿಸಿಲು, ಜಾತಿ, ಹೆಂಗಸರ ನಗು, ಇವುಗಳಲ್ಲಿ ಯಾವುದು ಎಷ್ಟು ಎಂದು ಬೇರೆ ಬೇರೆ ಮಾಡಿ ತೂಗಲು ನನಗೆ ಬರುವುದಿಲ್ಲ. ಮುತ್ತು ಕಸ್ತೂರಿಯ ತುರುಬಿಗೆ ಕೈ ಹಾಕಿದ. ಅವಳು ಕೂತ ಕ್ರೇಟು ಮಗುಚಿತು. ಅವಳನ್ನು ಎಳೆದುಕೊಂಡು ಹೋಗಿ ತಾಡಪತ್ರಿಯ ಕೆಳಗಿಂದ ಒಳಗೆ ನೂಕಿ, ಅರ್ಧ ಎತ್ತಿದ್ದನ್ನು ಇಳಿಬಿಟ್ಟು, ಅದರ ಅಂಚಿನ ಮೇಲೆ ಎರಡೂ ಕಾಲಿಟ್ಟು ನಿಂತ.

"ನಗು ಈಗ. ಹೂಂ, ನಗು."

ಒಳಗಿನಿಂದ ತಾಡಪತ್ರಿಗೆ ಅವಳ ಅಂಗೈಗಳು ಬಡಿಯುವುದು ಕಾಣುತ್ತಿತ್ತು. ನೀಲಿ ಪ್ಲಾಸ್ಟಿಕ್ಕಿನಲ್ಲಿ ಎರಡು ಉಬ್ಬು, ಮೇಲೆ, ಕೆಳಗೆ, ಆಮೇಲೆ ಇನ್ನೂ ಕೆಳಗೆ. ಕೆಮ್ಮು ಒಂದು ಹದಕ್ಕೆ ಬಂದು ನಾಯಿ ಬೊಗಳಿದಂತಾಯಿತು. ಅಕ್ಕ ಓಡಿಹೋಗಿ ಮುತ್ತುವಿನ ಕಾಲು ಹಿಡಿದು ಎಳೆದಳು. ಅವನು ಬಲೆ ಕಟ್ಟಲು ತಂದಿಟ್ಟಿದ್ದ ಪೈಪೊಂದನ್ನು ಎತ್ತಿ ಅವಳ ಬಲಗೈ ಮೇಲೆ ಇಳಿಸಿದ. ಮುಂಗೈ ಮುರಿದ ಸದ್ದು ನಾನು ಕೂತಿದ್ದ ಕಟ್ಟೆಯವರೆಗೆ ಕೇಳಿಸಿತು. ಒಣ ಕಟ್ಟಿಗೆ ಮುರಿದಂತೆ ಎಂದು ಬರೆಯಬಹುದಿತ್ತು; ಹಾಗಿರಲಿಲ್ಲ. ಹಸಿಯಾಗಿತ್ತು ಆ ಸದ್ದು.

ಹೆಂಗಸರು ಅವನ ಮೇಲೆ ಬಿದ್ದರು. ಕ್ರೇಟುಗಳಿಂದ, ಚಪ್ಪಲಿಯಿಂದ, ಉಗುರಿನಿಂದ. ಇಬ್ಬರು ತಾಡಪತ್ರಿ ಎತ್ತಿ ಕಸ್ತೂರಿಯನ್ನು ಕಾಲು ಹಿಡಿದು ಹೊರಗೆಳೆದರು. ಅವಳ ಬಾಯಿಂದ ನೊರೆ ಬರುತ್ತಿತ್ತು, ಕಣ್ಣು ತೆರೆದೇ ಇತ್ತು, ಏನನ್ನೂ ನೋಡುತ್ತಿರಲಿಲ್ಲ.

ಇಲ್ಲಿಂದ ಮೂರು ರೀತಿ. ಮೊದಲನೆಯದರಲ್ಲಿ ನಾನು ಕಸ್ತೂರಿಯ ಮುಖಕ್ಕೆ ನೀರು ಹಾಕುತ್ತಿದ್ದೇನೆ. ಎರಡನೆಯದರಲ್ಲಿ ನಾನು ಹೆಂಗಸರನ್ನು ತಡೆಯುತ್ತಿದ್ದೇನೆ, ಸಾಕು ಬಿಡ್ರಿ ಎನ್ನುತ್ತಿದ್ದೇನೆ. ಮೂರನೆಯದರಲ್ಲಿ ಮುತ್ತು ಮತ್ತೆ ಎದ್ದು ಅಕ್ಕನ ಕಡೆ ಬರುತ್ತಾನೆ, ನಾನು ಅಡ್ಡ ಹೋಗುತ್ತೇನೆ.

ಮುತ್ತು ಏಳಲಿಲ್ಲ. ಹೆಂಗಸರು ಅವನನ್ನು ಬಿಟ್ಟು ಕಸ್ತೂರಿಯ ಸುತ್ತ ಸೇರಿದ್ದರು. ಅವನು ನೆಲದಲ್ಲಿ ಮಗ್ಗುಲಾಗಿ ಮುದುಡಿಕೊಂಡಿದ್ದ, ಎರಡೂ ಕೈ ಮುಖದ ಮುಂದೆ ಹಿಡಿದಿದ್ದ. ಪೈಪು ಅವನಿಂದ ದೂರ ಬಿದ್ದಿತ್ತು. ನಾನು ನೋಟುಬುಕ್ಕನ್ನು ಕಟ್ಟೆಯ ಮೇಲೆ ಇಟ್ಟೆ. ಗಾಳಿಗೆ ಹಾರಬಾರದೆಂದು ಅದರ ಮೇಲೆ ಚಹಾದ ಲೋಟ ಇಟ್ಟೆ. ನಡೆದುಹೋಗಿ ಪೈಪು ಎತ್ತಿಕೊಂಡೆ. ಅವನು ನನ್ನನ್ನು ನೋಡಿ, "ಸಾಕ್ರಿ ಸರ್" ಎಂದ. ಸರ್ ಎಂದ. ನಾನು ಹೊಡೆದೆ. ಕೈಗೆ ಹೊಡೆದೆ, ಕೈ ಸರಿದ ಮೇಲೆ ಮುಖಕ್ಕೆ ಹೊಡೆದೆ. ಪೈಪು ನಾನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ನನಗೆ ಹಿತವಾಯಿತು. ಈ ಪದವನ್ನು ಅಳಿಸಿ, ಬೇರೆ ಪದ ಹುಡುಕಿ, ಮತ್ತೆ ಇದನ್ನೇ ಬರೆದಿದ್ದೇನೆ.

ಅವನ ದವಡೆ ಮುರಿಯಿತು, ಎಡಗಣ್ಣು ಹೋಯಿತು.

ಮಳೆ ಬಂತೋ ಇಲ್ಲವೋ ನನಗೆ ನೆನಪಿಲ್ಲ. ಅವ್ವ ಹೇಳುತ್ತಾಳೆ, ತಿಕೋಟಾದಲ್ಲಿ ನಾಲ್ಕು ಹನಿ ಬಿತ್ತಂತೆ.

ವಿಜಯಪುರದ ಆಸ್ಪತ್ರೆಗೆ ಹೋಗುವ ಟಂಟಂ ಆಟೋದಲ್ಲಿ ಕಸ್ತೂರಿಯ ತಲೆ ನನ್ನ ತೊಡೆಯ ಮೇಲಿತ್ತು. ಅಕ್ಕ ಎದುರು ಕೂತು ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಅವಳ ತುಟಿ ಬಿಳಿಚಿತ್ತು.

"ಆನಂದಾ, ಕೇಳಿಲ್ಲೆ. ನೀ ಶೆಡ್ಡಿಗೆ ಬಂದಿರಲಿಲ್ಲ. ನಿನ್ನ ಕೋಣ್ಯಾಗಿದ್ದಿ. ಅವನ್ನ ಹೊಡದಾಕಿ ನಾನು. ತಿಳೀತಿಲ್ಲೊ?"

"ಹೂಂ," ಎಂದೆ.

ನನ್ನ ಬದುಕಿನಲ್ಲಿ ನಾನು ಅಷ್ಟು ಬೇಗ ಯಾವುದಕ್ಕೂ ಹೂಂ ಎಂದಿಲ್ಲ. ಆಸ್ಪತ್ರೆಯಲ್ಲಿ ಪೊಲೀಸ್ ಜಮಾದಾರನಿಗೆ ಅವಳು ಹಾಗೆಯೇ ಹೇಳಿದಳು: ಮುತ್ತು ಕಸ್ತೂರಿಯನ್ನು ಒಳಗೆ ನೂಕಿದ, ನನ್ನ ಕೈ ಮುರಿದ, ನಾನು ಅವನ ಮುಖ ಒಡೆದೆ. ಮುರಿದ ಬಲಗೈಯವಳು ಹೇಗೆ ಒಡೆದಳು ಎಂದು ಅವನು ಕೇಳಲಿಲ್ಲ. ಸಿಟ್ಟಿನಲ್ಲಿ ಎಡಗೈಯೂ ಸಾಕು ಎಂದುಕೊಂಡಿರಬೇಕು.

ಸೋಮವಾರ ಮುಂಜಾನೆ ತಿಕೋಟಾದ ನಮ್ಮ ಮನೆಗೆ ಘೋಣಸಗಿಯಿಂದ ಆರೇಳು ಬೈಕುಗಳು ಬಂದವು. ಮೊದಲು ಕಲ್ಲು. ಗೋಡೆಯ ಮೇಲಿನ ಬುದ್ಧನ ಫೋಟೊದ ಗಾಜು ಒಡೆಯಿತು. ಒಬ್ಬ ಹಿತ್ತಲಿನ ನೀರಿನ ಡ್ರಮ್ಮಿಗೆ ಕೊಡಲಿ ಹಾಕಿದ. ಇಬ್ಬರು ಬಾಗಿಲು ಒದೆಯತೊಡಗಿದರು. ನಾನು ಒಳಗೆ ಮಂಚವನ್ನು ಬಾಗಿಲಿಗೆ ಅಡ್ಡ ನೂಕಿ ಅದರ ಮೇಲೆ ಕೂತಿದ್ದೆ. ಅವ್ವ ಒಲೆಯ ಮೇಲೆ ಕುದಿಯುತ್ತಿದ್ದ ಅನ್ನದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಕಿಟಕಿಯ ಸರಳುಗಳ ನಡುವಿನಿಂದ ಎರಚಿದಳು. ಹೊರಗೊಬ್ಬ ಚೀರಿದ ಚೀರು ಓಣಿಯ ತುದಿಗೆ ಕೇಳಿತಂತೆ. ಆಗ ಓಣಿಯವರು ಬಡಿಗೆ ಹಿಡಿದು ಬಂದರು. ಬೈಕುಗಳು ಹೋದವು. ಒಂದು ಬೈಕು ಉಳಿಯಿತು. ಅದನ್ನು ಓಣಿಯವರು ಸುಟ್ಟರು.

ಅವ್ವ ಖಾಲಿ ಪಾತ್ರೆ ನೋಡುತ್ತ, "ಹೊಳ್ಳಿ ಅನ್ನಕ್ಕ ಇಡಬೇಕಲ್ಲೊ ಯಪ್ಪಾ" ಎಂದಳು.

ಬುಧವಾರ ಸಾಹುಕಾರರು ಆಸ್ಪತ್ರೆಗೆ ಬಂದರು. ಅವರ ಮಗನೂ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ. ನನ್ನನ್ನು ಮೆಟ್ಟಿಲ ಬಳಿ ಕರೆದರು. ಬಿಳಿ ಅಂಗಿ, ಮೂರು ದಿನದ ಗಡ್ಡ. ಅವರೂ ಅತ್ತಿದ್ದರು, ಕಣ್ಣು ಊದಿದ್ದವು.

"ನೋಡಪಾ ಮಾಸ್ತರ. ನಮ್ಮ ಹುಡುಗ ತಪ್ಪ ಮಾಡ್ಯಾನ. ಅವನ ಕಣ್ಣ ಯಾರು ತಗದಾರ ಅನ್ನೂದೂ ನನಗ ಗೊತ್ತೈತಿ. ಅಂವಗ ಮಾತಾಡಾಕ ಬರವಲ್ದು, ಖರೆ, ಬರದ ತೋರಿಸ್ಯಾನ."

ಅವರು ಮೆಟ್ಟಿಲ ಮೇಲೆ ಕೂತು ದನಿ ತಗ್ಗಿಸಿದರು.

"ಇವತ್ತ ರಾಜಿ ಮಾಡ್ಕೊಳ್ಳೂಣು. ಕಸ್ತೂರಿ ತಾನ ಒಳಗ ಹೋದ್ಲು, ಚಕ್ಕರ ಬಂದ ಬಿದ್ಲು. ಆಕಿನ್ನ ಎತ್ತೂ ಗದ್ದಲದಾಗ ಎಲ್ಲಾರಿಗೂ ಪೆಟ್ಟಾತು. ನೀ ಅಲ್ಲಿ ಇರಲೇ ಇಲ್ಲ. ನಿನ್ನ ಹೆಸರೂ ಇಲ್ಲ, ನನ್ನ ಮಗನ ಹೆಸರೂ ಇಲ್ಲ. ಮೂರ ದಿನ ಆತು, ಊರು ಉರ್ಯಾಕತ್ತೈತಿ. ಇವತ್ತ ತಣ್ಣಗ ಮಾಡಿಬಿಡೂಣು."

ಕಸ್ತೂರಿ ಆ ಬೆಳಿಗ್ಗೆ ಎದ್ದು ಕೂತಿದ್ದಳು. ಅರ್ಧ ಲೋಟ ಚಹಾ ಕುಡಿದಿದ್ದಳು. ನನ್ನನ್ನು ನೋಡಿ ಕೈಯಲ್ಲೇ ತಲೆ ಕೆರೆದು ಹೇನು ಎಣಿಸುವ ಸನ್ನೆ ಮಾಡಿದ್ದಳು. ಇದು ನಿಜ, ಇದನ್ನು ಅಕ್ಕನೂ ನೋಡಿದ್ದಾಳೆ. ಡಾಕ್ಟರು ಮಾತ್ರ, ಪುಪ್ಪುಸದ ಗಾಯ ಇನ್ನೂ ನಾಲ್ಕೈದು ದಿನ ನೋಡಬೇಕು, ಈಗಲೇ ಏನೂ ಹೇಳಲಾಗದು ಎಂದಿದ್ದರು. ನಾನು ಕಾಯುವವನಾಗಿರಲಿಲ್ಲ. ಶಾಂತಿಗೆ ಇಂತಿಷ್ಟು ಕಾಲ ಬೇಕೇ ಬೇಕು ಎಂದು ಎರಡು ವರ್ಷದಿಂದ ಕಾಗದದ ಮೇಲೆ ವಾದಿಸುತ್ತಿದ್ದವನು ಅಕ್ಕನ ಹಾಸಿಗೆಯ ಬಳಿ ಹೋಗಿ ಇವತ್ತೇ ಎಂದೆ.

"ಕಸ್ತೂರಿನ್ನ ಕೇಳಿದೇನು?" ಎಂದಳು ಅಕ್ಕ.

"ಆಕಿ ಆರಾಮ ಆಗಾಕತ್ತಾಳಲ್ಲಕ್ಕಾ. ಚಹಾ ಕುಡದ್ಲು."

"ಚಹಾ ಕುಡದ್ಲಂತ ಕೇಳಲಿಲ್ಲ ನಾ. ಆಕಿನ್ನ ಕೇಳಿದೇನಂತ ಕೇಳಿದೆ."

"ಅಕ್ಕಾ, ನನ್ನ ಹೆಸರ ಬಂದ್ರ ಜೇಲು. ಕಾಲೇಜೂ ಇಲ್ಲ, ಪಿಎಚ್.ಡಿ.ನೂ ಇಲ್ಲ. ನನ್ನ ಜೀವನ ಮುಗೀತು."

ಅವಳು ಪ್ಲಾಸ್ಟರು ಹಾಕಿದ ಬಲಗೈಯನ್ನು ಸ್ವಲ್ಪ ಎತ್ತಿ ತೋರಿಸಿ ಕೇಳಿದಳು: "ಯಾವ ಕೈಲೆ ಮಾಡ್ಲಿ ಸಹಿ?"

ಎಡಗೈಯಿಂದ ಮಾಡಿದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಅವಳ ಹಿಂದೆ ಗುಂಪಿನ ಎಂಟು ಹೆಂಗಸರು ಮಾಡಿದರು. ಇಬ್ಬರು ಮಾಡಲಿಲ್ಲ, ಊರು ಬಿಟ್ಟು ತವರಿಗೆ ಹೋದರು. ಅವತ್ತು ಸಂಜೆ ಘೋಣಸಗಿಯಲ್ಲಿ ಪೇಢೆ ಹಂಚಿದರು. ನಾನೂ ತಿಂದೆ.

ಗುರುವಾರ ನನ್ನ ಗೈಡ್ ಮೇಡಂ ಫೋನು ಮಾಡಿದರು. ಎರಡು ವಾರದ ಹಿಂದೆ ಕಳಿಸಿದ್ದ ನನ್ನ ಗಣಿತ ಸಾಧನೆಯ ಕರಡನ್ನು ಓದಿದ್ದರು. "ಆನಂದ, ಹನ್ನೊಂದನೆಯ ಪುಟದಲ್ಲಿ ಒಂದು ತಪ್ಪಿದೆ. ಅಲ್ಲಿ ನೀನು ವ್ಯವಸ್ಥೆ ಆಗಲೇ ಶಾಂತವಾಗಿದೆ ಎಂದು ಊಹಿಸಿಕೊಂಡಿದ್ದೀಯ. ಶಾಂತವಾಗಿದೆ ಎಂದುಕೊಂಡ ಮೇಲೆ ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದರೆ ಏನು ಅರ್ಥ?" ಎಂದರು.

ಫೋನು ಬಂದದ್ದು ಗುರುವಾರವೇ ಎಂದು ಆಣೆ ಮಾಡಲಾರೆ. ಒಂದು ವಾರ ಆಮೇಲೆ ಬಂದಿರಬಹುದು. ಕತೆಗೆ ಚೆನ್ನಾಗಿ ಒಗ್ಗುತ್ತದೆಂದು ನೆನಪು ಅದನ್ನು ರಾಜಿಯ ಮಗ್ಗುಲಿಗೆ ಎಳೆದು ತಂದು ಕೂರಿಸಿದೆಯೇನೋ. ತಪ್ಪು ಇದ್ದದ್ದಂತೂ ನಿಜ. ಪುಟವೂ ಹನ್ನೊಂದೇ.

ಶುಕ್ರವಾರ ಮಧ್ಯಾಹ್ನ ಕಸ್ತೂರಿಗೆ ಉಸಿರು ನಿಂತು ನಿಂತು ಬರತೊಡಗಿತು. ಪುಪ್ಪುಸದಲ್ಲಿ ನೀರು ತುಂಬಿತ್ತು. ಅವಳು ಮಂಚದ ಕಂಬಿ ಹಿಡಿದು ಎದ್ದು ಕೂರಲು ಹೋಗುತ್ತಿದ್ದಳು, ನರ್ಸು ಮಲಗಿಸುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಬೆರಳ ತುದಿ ನೀಲಿಗಟ್ಟಿತು. ಕೊನೆಗೆ ಒದ್ದಾಡುತ್ತ ಸಲೈನಿನ ಕಂಬವನ್ನೇ ಕೆಡವಿದಳು. ಅಕ್ಕ ಎಡಗೈಯಿಂದ ಅವಳ ಬೆನ್ನು ಒರೆಸುತ್ತ, "ಬಂತಬೇ, ಗಾಳಿ ಬಂತು, ಇನ್ನ ಸ್ವಲ್ಪ ತಡಿ" ಎನ್ನುತ್ತಿದ್ದಳು. ನಾಲ್ಕು ಗಂಟೆಗೆ ಕಸ್ತೂರಿ ಸತ್ತಳು.

ಈಗ ಅದು ಸಾವಿನ ಪ್ರಕರಣ. ಮಣ್ಣು ಮಾಡಿದ ಮರುದಿನ ಅಕ್ಕ ಠಾಣೆಗೆ ಹೋದಳು. ನಾನು ಹೊರಗೆ ಬೇವಿನ ಕೆಳಗೆ ಬೈಕಿನ ಮೇಲೆ ಕೂತಿದ್ದೆ. ಕಿಟಕಿ ತೆರೆದಿತ್ತು, ಮಾತು ಕೇಳಿಸುತ್ತಿತ್ತು.

"ಆ ರಾಜಿ ಕಾಗದಾ ಸುಳ್ಳರಿ ಸಾಹೇಬ್ರ. ಅಂವ ನೂಕಿ ಕಾಲ ಇಟ್ಟ ನಿಂತಿದ್ದ."

"ಸಹಿ ನಿಂದ ಐತೆಲ್ಲಬೇ," ಎಂದ ಜಮಾದಾರ. "ನಾಕ ದಿನದ ಹಿಂದ ಒಂದು, ಇವತ್ತೊಂದು. ನಾಳೆ ಕೋರ್ಟಿನ್ಯಾಗ ವಕೀಲ ನಿನ್ನ ಹರದ ತಿಂತಾನ. ನೀವ ಹೆಂಗಸರೆಲ್ಲಾ ಸಹಿ ಮಾಡೀರಿ. ಸಹಿ ಮಾಡಲಾರದಾಂವ, ಕಣ್ಣಿಲೆ ನೋಡಿದಾಂವ, ಯಾರರ ಅದಾರೇನು?"

ಇಬ್ಬರು ಹೆಂಗಸರು ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. ಇನ್ನೊಬ್ಬ ಹತ್ತು ಹೆಜ್ಜೆ ದೂರದಲ್ಲಿ ಬೈಕಿನ ಮೇಲೆ ಕೂತಿದ್ದ. ಅವನು ನೋಡಿದ್ದೇನೆ ಎಂದರೆ ಅಲ್ಲಿದ್ದೆ ಎಂದಂತೆ. ಅಲ್ಲಿದ್ದೆ ಎಂದರೆ ಮುತ್ತುವಿನ ಕಣ್ಣು ಅವನ ಲೆಕ್ಕಕ್ಕೆ. ಬಾಯಿ ಮುಚ್ಚಿದರೆ ಕಸ್ತೂರಿ ತಾನೇ ಒಳಗೆ ಹೋಗಿ ಸತ್ತಂತೆ. ಇಷ್ಟೇ.

ಅಕ್ಕ "ಯಾರೂ ಇಲ್ರಿ" ಎಂದಳು.

ಅಲ್ಲಿಂದ ಹನ್ನೆರಡು ದಿನ. ಆ ದಿನಗಳಲ್ಲಿ ನಾನು ಬಬಲೇಶ್ವರಕ್ಕೆ ಹೋಗಿ ಎರಡನೆಯ ವರ್ಷದವರಿಗೆ ಉಷ್ಣದ ನಿಯಮಗಳನ್ನು ಕಲಿಸಿದೆ. ಪ್ರಶ್ನೆಪತ್ರಿಕೆ ತೆಗೆದೆ. ಹನ್ನೊಂದನೆಯ ಪುಟವನ್ನು ಮೂರು ಸಲ ತಿದ್ದಿದೆ, ಆಗಲಿಲ್ಲ. ನನ್ನ ಗೆರೆಗೂ ಈ ಹನ್ನೆರಡು ದಿನಕ್ಕೂ ಸಂಬಂಧವಿದೆ ಎಂದು ಬರೆಯಲು ಕೈ ತುಡಿಯುತ್ತದೆ. ಇಲ್ಲ. ಕಣಗಳಿಗೆ ಹೆದರಿಕೆ ಇರುವುದಿಲ್ಲ. ಅವು ತಡ ಮಾಡಿದರೆ ಬೇರೆ ಯಾವ ದಾರಿಯೂ ಇಲ್ಲದ್ದಕ್ಕೆ ಮಾಡುತ್ತವೆ. ನನಗೆ ದಾರಿ ಇತ್ತು, ಬಸ್ಸೂ ಇತ್ತು.

ಅಕ್ಕ ನನಗೆ ಏನೂ ಹೇಳಲಿಲ್ಲ. ಮಾತನ್ನೇ ಆಡಲಿಲ್ಲ. ಹನ್ನೆರಡನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವಳು ಎಡಗೈಯಿಂದ ರೊಟ್ಟಿ ಮುರಿಯಲು ಹೋದಾಗ ತಾಟು ಜಾರಿ ಪಲ್ಯ ನೆಲಕ್ಕೆ ಬಿತ್ತು. ನಾನು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ನನ್ನ ಕೆನ್ನೆಗೆ ಹೊಡೆದಳು. ಎಡಗೈಯ ಹೊಡೆತ, ಆದರೆ ಪೂರಾ ಬಲ ಇತ್ತು. ಹಲ್ಲಿಗೆ ತುಟಿ ಸಿಕ್ಕಿ ಹರಿಯಿತು. ಅವ್ವ "ಏನಬೇ ಇದು" ಎಂದು ಎದ್ದಳು.

"ಆ ಕೈ ನನ್ನ ಬಾಯಿ ಹಂತ್ಯಾಕ ತರಬ್ಯಾಡ," ಎಂದಳು ಅಕ್ಕ.

ಅದಕ್ಕಾಗಿ ಠಾಣೆಗೆ ಹೋದೆ ಎಂದರೆ ಅದೂ ನುಣುಪಾದ ಕತೆಯೇ. ನನ್ನೊಳಗೆ ಏನು ಎಲ್ಲಿಂದ ಎಲ್ಲಿಗೆ ಸರಿಯಿತೋ ಗೊತ್ತಿಲ್ಲ. ಎದ್ದು ಬಾಯಿ ತೊಳೆದುಕೊಂಡೆ, ಬೈಕಿನ ಕೀಲಿ ತೆಗೆದುಕೊಂಡೆ. ಅಕ್ಕ ಹಿಂದಿನ ಸೀಟಿನಲ್ಲಿ ಬಂದು ಕೂತಳು.

ಜಮಾದಾರ ಬರೆಯುವ ಮೊದಲು ಎರಡು ಸಲ ಕೇಳಿದ: "ಮಾಸ್ತರ, ವಿಚಾರ ಮಾಡೀರೇನು? ಬರದಮ್ಯಾಲ ಅಳಸಾಕ ಬರೂದಿಲ್ಲ."

"ಬರೀರಿ," ಎಂದೆ. ಶುರುವಿನಿಂದ ಹೇಳಿದೆ. ಮೋಡ, ನೊಣ, ನಗು, ತುರುಬು, ತಾಡಪತ್ರಿಯ ಮೇಲೆ ಇಟ್ಟ ಎರಡು ಕಾಲು. ಒಳಗಿನಿಂದ ಬಡಿಯುತ್ತಿದ್ದ ಅಂಗೈಗಳು. ಅಕ್ಕನ ಕೈ. ಆಮೇಲೆ ನಾನು ಪೈಪು ಎತ್ತಿಕೊಂಡದ್ದು, ಅವನು ಸಾಕ್ರಿ ಎಂದದ್ದು. ಪೆನ್ನು ಕಾಗದದ ಮೇಲೆ ಗೀರುತ್ತ ನನ್ನ ಹಿಂದೆಯೇ ಬರುತ್ತಿತ್ತು. ನಾನು ನಿಂತಾಗ ನಿಲ್ಲುತ್ತಿತ್ತು.

"ಎಷ್ಟ ಪೆಟ್ಟು ಹೊಡದ್ರಿ?" ಎಂದ ಜಮಾದಾರ.

"ಎರಡು," ಎಂದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಎರಡೇ ನೆನಪಿತ್ತು.

ಗೋಡೆಯ ಕಡೆಯ ಬೆಂಚಿನಲ್ಲಿ, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಕ ಕೂತಿದ್ದಳು. ಅಲ್ಲಿಂದಲೇ, ದನಿ ಏರಿಸದೆ ಹೇಳಿದಳು:

"ಏಳ್ರಿ ಸಾಹೇಬ್ರ. ನಾ ಎಣಿಸೀನಿ. ಏಳಂತ ಬರಕೋರಿ."

ಜಮಾದಾರ ನನ್ನ ಮುಖ ನೋಡಿದ. ಪೆನ್ನು ಕಾಯುತ್ತಿತ್ತು.

"ಏಳು," ಎಂದೆ.